ನಾಟಕ ವಿದ್ಯಾರ್ಥಿಯ ತಾಲೀಮು ದಿನಚರಿ

ನಾಟಕವನ್ನು ಪಠ್ಯವಿಷಯವಾಗಿ ಕಲಿಯುವ ಪ್ರೌಢಶಾಲೆಯ ಮಕ್ಕಳು ತರಗತಿಯಲ್ಲಿ, ತಾಲೀಮಿನಲ್ಲಿ, ಪ್ರದರ್ಶನದಲ್ಲಿ ತಾವು ಮಾಡಿದ್ದನ್ನು ಮತ್ತೆ ನೆನೆದು, ಅದು ಹಾಗೇಕಾಯಿತೆಂದು ವಿಚಾರಿಸಿ, ಮುಂದೇನು ಮಾಡಬೇಕೆಂಬುದನ್ನು ಬರೆದಿಡುವ ಪುಸ್ತಕವೇ ತಾಲೀಮು ದಿನಚರಿ. ಇಂಗ್ಲೆಂಡಿನ ಶಾಲೆಗಳಲ್ಲಿ ಇದಕ್ಕೆ ಡಿವೈಸಿಂಗ್ ಲಾಗ್ ಅಥವಾ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಆಸ್ಟ್ರೇಲಿಯದಲ್ಲಿ ಇದು ಲಾಗ್‌ಬುಕ್, ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅಥವಾ ಐಬಿ ಶಾಲೆಗಳಲ್ಲಿ ಥಿಯೇಟರ್ ಜರ್ನಲ್. ಕರ್ನಾಟಕದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೃತಿ ಸಂಪುಟ ಇದಕ್ಕೆ ಹತ್ತಿರದ್ದು. ಆದರೆ ಕೃತಿ ಸಂಪುಟ ಮಗು ಮಾಡಿ ಮುಗಿಸಿದ ಕೆಲಸವನ್ನು ಕೂಡಿಡುತ್ತದೆ, ದಿನಚರಿ ಇನ್ನೂ ಮುಗಿಯದ ಕೆಲಸದ ನಡುವೆ ಹುಟ್ಟುತ್ತದೆ.

ನಾಟಕಕ್ಕೇ ಇಂಥ ಪುಸ್ತಕ ಏಕೆ ಬೇಕಾಯಿತು? ಗಣಿತದ ಲೆಕ್ಕ ಉತ್ತರಪತ್ರಿಕೆಯಲ್ಲಿ ಉಳಿಯುತ್ತದೆ, ಚಿತ್ರ ಹಾಳೆಯ ಮೇಲೆ ಉಳಿಯುತ್ತದೆ. ಅಭಿನಯ ಆಡಿದ ಕ್ಷಣಕ್ಕೇ ಮುಗಿದುಹೋಗುತ್ತದೆ. ವಿಡಿಯೊ ತೆಗೆದಿಟ್ಟರೂ ಅದರಲ್ಲಿ ಸಿಗುವುದು ಹೊರಗೆ ಕಂಡದ್ದು ಮಾತ್ರ. ಹುಡುಗಿ ಆ ಮಾತಿಗೆ ಮುಂಚೆ ಏಕೆ ತಡೆದಳು, ಯಾವ ಬೇರೆ ದಾರಿಗಳನ್ನು ಪ್ರಯತ್ನಿಸಿ ಕೈಬಿಟ್ಟಳು, ಜೊತೆಯವನು ಒಂದು ಹೆಜ್ಜೆ ಹಿಂದೆ ಸರಿದದ್ದರಿಂದ ಅವಳ ದನಿ ಹೇಗೆ ಬದಲಾಯಿತು ಎಂಬುದೆಲ್ಲ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಕಲಿಕೆ ನಡೆಯುವುದೋ ಆ ತೀರ್ಮಾನಗಳಲ್ಲೇ. ಅವನ್ನು ಹಿಡಿದಿಡಲು ಬರವಣಿಗೆಗಿಂತ ಅಗ್ಗದ, ಸುಲಭದ ಸಾಧನ ಇನ್ನೊಂದಿಲ್ಲ.

ರಂಗದ ಹಿಂದೆ ಇರುವ ಪ್ರಾಂಪ್ಟ್ ಪುಸ್ತಕದ ಜೊತೆ ಇದನ್ನು ಬೆರೆಸಬಾರದು. ಯಾವ ಮಾತಿಗೆ ಯಾರ ಪ್ರವೇಶ, ಯಾವಾಗ ಬೆಳಕು ಇಳಿಯಬೇಕು ಎಂದು ತಿಳಿಸುವ ಪ್ರಾಂಪ್ಟ್ ಪುಸ್ತಕ ನಾಟಕದ ದಾಖಲೆ, ತಾಲೀಮು ದಿನಚರಿ ನಟನ ವಿಚಾರದ ದಾಖಲೆ. ಅದು ಮನೆಯ ಖಾಸಗಿ ಡೈರಿಯೂ ಅಲ್ಲ, ಏಕೆಂದರೆ ಅದನ್ನು ಓದುವ ಇನ್ನೊಬ್ಬರಿದ್ದಾರೆ. ಈ ಇನ್ನೊಬ್ಬ ಓದುಗನ ಇರವು ದಿನಚರಿಯ ಬಲಕ್ಕೂ ಕಾರಣ, ಅದರ ತೊಡಕುಗಳಿಗೂ ಕಾರಣ.

ರಂಗಭೂಮಿಯಿಂದ ಬಂದ ಬೇರು

ನಟನ ಟಿಪ್ಪಣಿ ಪುಸ್ತಕದ ಚರಿತ್ರೆಯಲ್ಲಿ ಮೊದಲು ನಿಲ್ಲುವ ಹೆಸರು ರಷ್ಯದ ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿಯದು. 1877ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಮಾಸ್ಕೋ ಹತ್ತಿರದ ಲ್ಯುಬಿಮೊವ್ಕಾದಲ್ಲಿದ್ದ ತನ್ನ ಮನೆತನದ ಪುಟ್ಟ ರಂಗದ ಮೇಲೆ ಅಭಿನಯಿಸಿದ ಹುಡುಗ ಅಂದಿನಿಂದಲೇ ತನ್ನ ಆಟದ ಗುಣದೋಷಗಳನ್ನು ಬರೆದಿಡತೊಡಗಿದ. ಇಂದಿನ ಲೆಕ್ಕದಲ್ಲಿ ಅದು ಒಂಬತ್ತನೆಯ ತರಗತಿಯ ವಯಸ್ಸು. ಆ ಪುಸ್ತಕಗಳನ್ನು ಅವನು ಬದುಕಿನುದ್ದಕ್ಕೂ ಬಿಡಲಿಲ್ಲ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ್ದು, 1924ರಲ್ಲಿ ಪ್ರಕಟವಾದ ಆತ್ಮಕಥೆ 'ಮೈ ಲೈಫ್ ಇನ್ ಆರ್ಟ್', ಆಮೇಲೆ ಜಗತ್ತೇ ಕಲಿತ ಅಭಿನಯ ಪದ್ಧತಿ, ಇವಕ್ಕೆಲ್ಲ ಕಚ್ಚಾ ಸಾಮಗ್ರಿ ದೊರೆತದ್ದು ಆ ಟಿಪ್ಪಣಿಗಳಿಂದ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. 1936ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ 'ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್' ಶಾಸ್ತ್ರಗ್ರಂಥದ ರೂಪದಲ್ಲಿಲ್ಲ. ಅದು ಕೋಸ್ತ್ಯಾ ಎಂಬ ಕಲ್ಪಿತ ವಿದ್ಯಾರ್ಥಿಯ ದಿನಚರಿ. ಗುರು ತೋರ್ತ್ಸೊವ್ ಪಾಠ ಹೇಳುತ್ತಾನೆ, ಶಿಷ್ಯ ಅದರಲ್ಲಿ ಮುಗ್ಗರಿಸಿ, ನಾಚಿ, ಮತ್ತೆ ಯತ್ನಿಸಿ ಬರೆಯುತ್ತಾನೆ. ಒಥೆಲೊ ಪಾತ್ರಕ್ಕಾಗಿ ಚಾಕೊಲೇಟಿಗೆ ಬೆಣ್ಣೆ ಕಲಸಿ ಮುಖಕ್ಕೆ ಬಳಿದುಕೊಂಡು ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿದ ಹುಡುಗ ಮಾರನೆಯ ದಿನ ರಂಗಕ್ಕೆ ಬಂದಾಗ ಅಲ್ಲಿನ ಜಾಗವೂ ಜೊತೆಯ ನಟನೂ ತನ್ನ ಎಣಿಕೆಯನ್ನೆಲ್ಲ ತಲೆಕೆಳಗು ಮಾಡುವುದನ್ನು ಕಾಣುತ್ತಾನೆ. ಅಭಿನಯವನ್ನು ಹೇಳಿಕೊಡಲು ಸ್ಟಾನಿಸ್ಲಾವ್‌ಸ್ಕಿ ಗುರುವಿನ ಉಪನ್ಯಾಸವನ್ನು ಬಿಟ್ಟು ಶಿಷ್ಯನ ದಿನಚರಿಯನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಅಭಿನಯ ಅರ್ಥವಾಗುವುದು ಎಡವಿದವನ ಕಣ್ಣಿನಿಂದ ಎಂಬುದು ಅವನಿಗೆ ಹದಿನಾಲ್ಕರಿಂದಲೇ ಗೊತ್ತಿತ್ತು.

ಆ ಪುಸ್ತಕದ ಒಂದು ಪ್ರಸಂಗವನ್ನು ಪ್ರತಿಯೊಬ್ಬ ನಾಟಕ ಶಿಕ್ಷಕನೂ ತಿಳಿದಿರಬೇಕು. ಮರಿಯಾ ಎಂಬ ವಿದ್ಯಾರ್ಥಿನಿಗೆ ಪರದೆಯ ಮಡಿಕೆಯಲ್ಲಿ ಸಿಕ್ಕಿಸಿರುವ ಒಡವೆಪಿನ್ನನ್ನು ಹುಡುಕಬೇಕೆಂದು ಗುರು ಹೇಳುತ್ತಾನೆ. ಅವಳು ರಂಗಕ್ಕೆ ಓಡಿ ಬಂದು, ತಲೆಯ ಮೇಲೆ ಕೈ ಹೊತ್ತು, ಪರದೆ ಹಿಡಿದೆಳೆದು, ಸಂಕಟವನ್ನೆಲ್ಲ ಆಡಿ ತೋರಿಸಿ, ಬಹಳ ಚೆನ್ನಾಗಿತ್ತೆಂದು ಹಿಗ್ಗುತ್ತಾಳೆ. ಪಿನ್ನು ಎಲ್ಲಿ ಎಂದು ಕೇಳಿದಾಗ, ಅದನ್ನು ಹುಡುಕಲು ಮರೆತೇಬಿಟ್ಟಿದ್ದಳೆಂದು ತಿಳಿಯುತ್ತದೆ. ಸಿಗದಿದ್ದರೆ ಶಾಲೆ ಬಿಡಬೇಕಾಗುತ್ತದೆ ಎಂದಾಗ ಅವಳು ನಿಜವಾಗಿ ಹುಡುಕುತ್ತಾಳೆ, ಒಂದೊಂದು ಮಡಿಕೆಯನ್ನೂ ಬಿಚ್ಚಿ ನೋಡುತ್ತಾಳೆ. ನೋಡುವವರಿಗೆ ಹಿಡಿಸುವುದು ಈ ಎರಡನೆಯದು. ಮೊದಲ ಸಲದ ನಂತರ ಅವಳು ದಿನಚರಿ ಬರೆದಿದ್ದರೆ ಏನು ಬರೆಯುತ್ತಿದ್ದಳು? ಇಂದು ಪಾತ್ರದಲ್ಲಿ ಮುಳುಗಿಹೋದೆ ಎಂದು ಬರೆಯುತ್ತಿದ್ದಳು. ಶಾಲಾ ದಿನಚರಿಗಳ ಬಹುಪಾಲು ಪುಟಗಳು ಇಲ್ಲೇ ನಿಂತುಬಿಡುತ್ತವೆ. ಹೇಗನ್ನಿಸಿತು ಎಂಬ ಪ್ರಶ್ನೆಯಿಂದ ಏನು ಮಾಡಿದೆ ಎಂಬ ಪ್ರಶ್ನೆಗೆ ವಿದ್ಯಾರ್ಥಿಯನ್ನು ದಾಟಿಸುವುದೇ ಈ ಬರವಣಿಗೆಯ ಮುಖ್ಯ ಕೆಲಸ.

ಜರ್ಮನಿಯ ಬೆರ್ಟೋಲ್ಟ್ ಬ್ರೆಕ್ಟ್ ಇನ್ನೊಂದು ಬಗೆಯ ಮಾದರಿ ಕೊಟ್ಟ. ದೇಶಭ್ರಷ್ಟನಾಗಿ ಡೆನ್ಮಾರ್ಕಿನಲ್ಲಿದ್ದಾಗ 1938ರಲ್ಲಿ ಆರಂಭಿಸಿದ ಕೆಲಸದ ದಿನಚರಿಯನ್ನು ಅವನು 1955ರವರೆಗೆ ಬರೆದ. ಅದರಲ್ಲಿ ಪತ್ರಿಕೆಯ ತುಣುಕುಗಳೂ ಫೋಟೊಗಳೂ ಅಂಟಿಕೊಂಡಿವೆ. ನಾಟಕದ ಚಿಂತನೆಯೂ ಯುದ್ಧದ ಸುದ್ದಿಯೂ ಅಕ್ಕಪಕ್ಕದಲ್ಲಿವೆ, ತನ್ನ ಭಾವನೆಗಳ ವಿವರ ಅಷ್ಟಾಗಿ ಇಲ್ಲ. 1949ರಲ್ಲಿ ಕಟ್ಟಿದ ಬರ್ಲಿನರ್ ಎನ್ಸೆಂಬಲ್ ತಂಡದಲ್ಲಿ ಅವನ ಕಿರಿಯ ಸಹಾಯಕರು ತಾಲೀಮಿನ ಟಿಪ್ಪಣಿ ಬರೆಯುತ್ತಿದ್ದರು. ಒಂದೊಂದು ಪ್ರಯೋಗಕ್ಕೂ ನೂರಾರು ಫೋಟೊಗಳ ಮಾದರಿ ಪುಸ್ತಕ ಸಿದ್ಧವಾಗುತ್ತಿತ್ತು. ಶಾಲೆಯ ದಿನಚರಿಯಲ್ಲಿ ಇಂದು ಕಾಣುವ ರೇಖಾಚಿತ್ರ, ರಂಗದ ನಕ್ಷೆ, ಉಡುಪಿನ ಬಟ್ಟೆಯ ಚೂರು, ಪತ್ರಿಕಾ ಸುದ್ದಿ ಇವೆಲ್ಲ ಹಿಡಿದಿರುವುದು ಬ್ರೆಕ್ಟ್‌ನ ದಾರಿಯನ್ನು.

ಹದಿಹರೆಯದವರಿಗೆ ಓದಲು ಕೊಡಬಹುದಾದ ಒಂದೇ ಪುಸ್ತಕ ಹೇಳಿ ಎಂದರೆ ಈ ಲೇಖಕ ಆಂಟನಿ ಶೇರ್ ಅವರ 'ಇಯರ್ ಆಫ್ ದ ಕಿಂಗ್' ಅನ್ನು ಹೇಳುತ್ತಾನೆ. 1984ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಮೂರನೆಯ ರಿಚರ್ಡ್‌ನ ಪಾತ್ರ ಕಟ್ಟುವಾಗ ಅವರು ಬರೆದ ದಿನಚರಿ ಮತ್ತು ಬಿಡಿಸಿದ ಚಿತ್ರಗಳು 1985ರಲ್ಲಿ ಪ್ರಕಟವಾದವು. ಗೂನುಬೆನ್ನಿನ ರಾಜನನ್ನು ಎರಡು ಊರುಗೋಲುಗಳ ಮೇಲೆ ಜೇಡದಂತೆ ಓಡಾಡಿಸುವ ಆಲೋಚನೆ ಹೇಗೆ ಮೊಳೆಯಿತು, ಎಷ್ಟು ಸಂಶಯಗಳನ್ನು ದಾಟಿ ಬಂತು ಎಂಬುದು ಅಲ್ಲಿ ಕಾಣುತ್ತದೆ. ಮುಂದೆ ಫಾಲ್‌ಸ್ಟಾಫ್ ಮತ್ತು ಲಿಯರ್ ಪಾತ್ರಗಳ ಬಗ್ಗೆಯೂ ಅವರು ಇದೇ ರೀತಿಯ ಪುಸ್ತಕಗಳನ್ನು ತಂದರು. ಹೆಸರುವಾಸಿ ನಟನಿಗೂ ಅಂಜಿಕೆ ಇರುತ್ತದೆ, ಅವನೂ ತಪ್ಪು ದಾರಿ ಹಿಡಿದು ಹಿಂದಿರುಗುತ್ತಾನೆ ಎಂದು ಹದಿನಾರರ ಹುಡುಗನಿಗೆ ತಿಳಿಯುವುದು ಸಣ್ಣ ಲಾಭವಲ್ಲ.

ಶಿಕ್ಷಣದಿಂದ ಬಂದ ಬೇರು

ಅನುಭವವೊಂದೇ ಕಲಿಸುವುದಿಲ್ಲ, ಅನುಭವದ ಮೇಲೆ ನಡೆಸಿದ ವಿಚಾರ ಕಲಿಸುತ್ತದೆ ಎಂಬ ನಿಲುವು ಅಮೆರಿಕದ ಜಾನ್ ಡ್ಯೂಯಿ 1910ರಲ್ಲಿ ಬರೆದ 'ಹೌ ವಿ ಥಿಂಕ್'ನಿಂದ ಶಾಲೆಗಳಿಗೆ ಹರಡಿತು. ಡೊನಾಲ್ಡ್ ಶೋನ್ 1983ರಲ್ಲಿ ಇದನ್ನು ಇನ್ನೂ ಸೂಕ್ಷ್ಮಗೊಳಿಸಿ, ಕೆಲಸ ನಡೆಯುತ್ತಿರುವಾಗಲೇ ಮೂಡುವ ವಿಚಾರವನ್ನೂ ಕೆಲಸ ಮುಗಿದ ಮೇಲೆ ಬರುವ ವಿಚಾರವನ್ನೂ ಬೇರ್ಪಡಿಸಿದ. ನಾಟಕಕ್ಕೆ ಈ ಭೇದ ಬಹಳ ಹೊಂದುತ್ತದೆ. ಜೊತೆಯವನು ಮಾತು ಮರೆತಾಗ ಒಂದು ಕ್ಷಣದಲ್ಲಿ ಏನೋ ಹೇಳಿ ದೃಶ್ಯ ಉಳಿಸುವುದು ಮೊದಲ ಬಗೆಯದು. ಸಂಜೆ ಕೂತು, ಆ ಮಾತು ನನಗೆ ಎಲ್ಲಿಂದ ಹೊಳೆಯಿತು ಎಂದು ಕೇಳಿಕೊಳ್ಳುವುದು ಎರಡನೆಯದು. ದಿನಚರಿಗೆ ನೇರವಾಗಿ ದಕ್ಕುವುದು ಎರಡನೆಯದು ಮಾತ್ರ. ಆದರೆ ಅದನ್ನು ರೂಢಿಸಿಕೊಂಡವರಿಗೆ ಮೊದಲನೆಯದೂ ಚುರುಕಾಗುತ್ತದೆ ಎಂಬ ನಂಬಿಕೆ ಮೇಲೆ ಇಡೀ ಪದ್ಧತಿ ನಿಂತಿದೆ.

ಬರವಣಿಗೆಯ ಕಡೆಯಿಂದ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರ ಕೆಲಸ ನೆನೆಯಬೇಕಾದದ್ದು. ಇಂಗ್ಲೆಂಡಿನಲ್ಲಿ 11ರಿಂದ 18 ವಯಸ್ಸಿನವರ ಸುಮಾರು 2,000 ಬರಹಗಳನ್ನು ಪರಿಶೀಲಿಸಿ 1975ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಾಲೆಯಲ್ಲಿ ಮಕ್ಕಳು ಬರೆಯುವುದರ ದೊಡ್ಡ ಪಾಲು ಪರೀಕ್ಷಕನಾಗಿ ಓದುವ ಶಿಕ್ಷಕನಿಗಾಗಿ. ತನ್ನೊಳಗೇ ಮಾತಾಡಿಕೊಳ್ಳುವಂಥ, ವಿಚಾರ ಇನ್ನೂ ರೂಪುಗೊಳ್ಳುತ್ತಿರುವ ಬರಹ ತೀರ ಕಡಿಮೆ. ಹೊಸದನ್ನು ಕಲಿಯಲು ಬೇಕಾದದ್ದು ಅದೇ ಎಂದು ಬ್ರಿಟನ್ ವಾದಿಸಿದರು. ನಾಟಕ ದಿನಚರಿ ಹುಟ್ಟಿದ್ದು ಆ ಕೊರತೆಯನ್ನು ತುಂಬಲು. ಮುಂದೆ ಅದಕ್ಕೂ ಅಂಕ ಕೊಡಲು ಹೊರಟಾಗ ಪರೀಕ್ಷಕ ಮತ್ತೆ ಒಳಕ್ಕೆ ಬಂದ.

ನಾಟಕ ಶಿಕ್ಷಣದಲ್ಲಿ ಈ ವಿಚಾರಕ್ಕೆ ಜೀವ ತುಂಬಿದವರು ಡೊರೊಥಿ ಹೀತ್‌ಕೋಟ್ (1926–2011). ಯಾರ್ಕ್‌ಶೈರಿನ ಉಣ್ಣೆ ಗಿರಣಿಯಲ್ಲಿ ಹದಿನಾಲ್ಕಕ್ಕೇ ಮಗ್ಗದ ಕೆಲಸಕ್ಕೆ ಸೇರಿ, ಆಮೇಲೆ ನಾಟಕ ಕಲಿತು, ನ್ಯೂಕಾಸಲ್‌ನಲ್ಲಿ ದಶಕಗಳ ಕಾಲ ಶಿಕ್ಷಕರನ್ನು ತಯಾರು ಮಾಡಿದ ಇವರು ತರಗತಿಯ ನಾಟಕವನ್ನು ನಡುನಡುವೆ ನಿಲ್ಲಿಸಿ, ಈಗ ನಡೆದದ್ದರ ಅರ್ಥವೇನು ಎಂದು ಮಕ್ಕಳನ್ನು ಯೋಚಿಸಲು ಹಚ್ಚುತ್ತಿದ್ದರು. ಪಾತ್ರವೇ ಆಗಿ ಪತ್ರ, ವರದಿ, ಡೈರಿ ಬರೆಯುವ ಅಭ್ಯಾಸ ಇವರ ಮತ್ತು ಇವರ ಜೊತೆಯ ಗ್ಯಾವಿನ್ ಬೋಲ್ಟನ್, ನಂತರದ ಸಿಸಿಲಿ ಒನೀಲ್, ಜೊನಾಥನ್ ನೀಲ್ಯಾಂಡ್ಸ್ ಮೊದಲಾದವರ ಕೆಲಸದಿಂದ ಶಾಲೆಗಳಲ್ಲಿ ಬೇರೂರಿತು.

ಬರೆಯಲು ತೋಚದ ವಿದ್ಯಾರ್ಥಿಗೆ ಆಸರೆಯಾಗಲೆಂದು ಹಲವು ಚೌಕಟ್ಟುಗಳು ಬಂದವು. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಚಕ್ರ ಘಟನೆಯ ವಿವರಣೆಯಿಂದ ಹೊರಟು ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನಗಳನ್ನು ದಾಟಿ ಮುಂದಿನ ಯೋಜನೆಗೆ ಮುಟ್ಟುತ್ತದೆ. ಟೆರಿ ಬೋರ್ಟನ್ 1970ರಲ್ಲೇ ಇದಕ್ಕಿಂತ ಸರಳವಾದದ್ದನ್ನು ಕೊಟ್ಟಿದ್ದ: ಏನಾಯಿತು, ಅದರಿಂದೇನು, ಇನ್ನೇನು. ಗಿಬ್ಸ್ ಚಕ್ರವನ್ನು ಅರ್ಜಿ ನಮೂನೆಯಂತೆ ಪ್ರತಿದಿನ ತುಂಬಿಸುವ ಶಾಲೆಗಳಲ್ಲಿ ಬರಹ ಬೇಗ ಒಣಗುತ್ತದೆ. ಬೋರ್ಟನ್‌ನ ಪ್ರಶ್ನೆಗಳು ಹೈಸ್ಕೂಲಿನ ತಾಲೀಮಿಗೆ ಸಾಕು. ಅವು ಬಾಯಲ್ಲಿ ನಿಲ್ಲುತ್ತವೆ, ದಣಿದ ಮಗುವೂ ಉತ್ತರಿಸಬಹುದು.

ಪರೀಕ್ಷೆಯ ಭಾಗವಾಗಿ

ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ನಾಟಕ ವಿಷಯಕ್ಕೆ 2016ರಲ್ಲಿ ಹೊಸ ಪಠ್ಯಕ್ರಮದ ಬೋಧನೆ ಆರಂಭವಾಗಿ, 2018ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಅದರಲ್ಲಿ ಎಕ್ಯೂಎ ಮಂಡಳಿ ಸ್ವಂತವಾಗಿ ನಾಟಕ ಕಟ್ಟುವ ಭಾಗಕ್ಕೆ ಒಟ್ಟು ಅಂಕದಲ್ಲಿ ಶೇಕಡ 40 ಇಟ್ಟಿತು. ಒಂದು ಚಿತ್ರ, ಹಾಡು ಅಥವಾ ಸುದ್ದಿಯಿಂದ ಹೊರಟು ಗುಂಪಾಗಿ ನಾಟಕ ಕಟ್ಟಿ ಆಡಬೇಕು. ಆ ಭಾಗದ 80 ಅಂಕಗಳಲ್ಲಿ ಪ್ರದರ್ಶನಕ್ಕೆ 20, ದಿನಚರಿಗೆ 60. ದಿನಚರಿಯ ಮೂರು ವಿಭಾಗಗಳಿಗೆ, ಅಂದರೆ ಮೂಲ ಪ್ರಚೋದನೆಗೆ ತೋರಿದ ಪ್ರತಿಕ್ರಿಯೆ, ನಾಟಕವನ್ನು ಬೆಳೆಸಿದ ಮತ್ತು ಒಟ್ಟಾಗಿ ದುಡಿದ ಬಗೆ, ಕೊನೆಗೆ ವಿಶ್ಲೇಷಣೆ ಇವುಗಳಿಗೆ 20ರಂತೆ ಅಂಕ ಹಂಚಿಕೆಯಾಯಿತು. ಪೂರ್ತಿ ಬರಹದಲ್ಲೇ ಕೊಟ್ಟರೆ 2,500 ಪದಗಳ ಮಿತಿ. ಎಡೆಕ್ಸೆಲ್ ಮಂಡಳಿಯ ಅನುಪಾತವೂ ಇದೇ: ಪೋರ್ಟ್‌ಫೋಲಿಯೊಗೆ 45, ಪ್ರದರ್ಶನಕ್ಕೆ 15.

ಈ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ರಂಗದ ಮೇಲೆ ಆಡಿದ್ದಕ್ಕಿಂತ ಆಡಿದ್ದರ ಬಗ್ಗೆ ಬರೆದದ್ದಕ್ಕೆ ಮೂರುಪಟ್ಟು ಅಂಕ. ಆಡಲು ಬಲ್ಲ, ಬರೆಯಲು ಬಾರದ ಮಗುವಿಗೆ ಇದು ಅನ್ಯಾಯವೆಂದು ಅಲ್ಲಿನ ನಾಟಕ ಶಿಕ್ಷಕರು ದೂರುತ್ತಾರೆ, ದೂರು ನ್ಯಾಯವಾದದ್ದೇ. ಇನ್ನೊಂದು ಕಡೆ, ವೇದಿಕೆಯಲ್ಲಿ ಹಿಂದೆ ನಿಂತು, ಗುಂಪಿನ ವಿಚಾರಕ್ಕೆಲ್ಲ ಮೂಲವಾದ ಮೌನದ ಹುಡುಗಿಗೆ ಅವಳ ಪಾಲು ಸಲ್ಲುವುದು ದಿನಚರಿಯಲ್ಲೇ. ಬರಹದ ಬದಲು ಧ್ವನಿಮುದ್ರಣ ಅಥವಾ ವಿಡಿಯೊ ರೂಪದಲ್ಲೂ ಕೊಡಬಹುದೆಂದು ಮಂಡಳಿಗಳು ಅವಕಾಶ ಇಟ್ಟಿರುವುದು ಇಲ್ಲಿನ ಬಿಕ್ಕಟ್ಟನ್ನು ಸ್ವಲ್ಪ ಸಡಿಲಿಸುತ್ತದೆ. ಮಗು ತನ್ನ ವಿಚಾರವನ್ನು ಬಾಯಲ್ಲಿ ಹೇಳಲು ಬಿಡುವುದು ನಾಟಕದ ಸ್ವಭಾವಕ್ಕೂ ಒಪ್ಪುತ್ತದೆ.

ಐಬಿ ಡಿಪ್ಲೊಮಾದ ದಾರಿ ಬೇರೆ. ಅಲ್ಲಿ ಥಿಯೇಟರ್ ಜರ್ನಲ್ ಕಡ್ಡಾಯ, ಆದರೆ ಅದಕ್ಕೆ ನೇರವಾಗಿ ಅಂಕವಿಲ್ಲ. ಅಂಕವಿರುವ ಕೆಲಸಗಳಿಗೆ ಬೇಕಾದ ಸಾಮಗ್ರಿಯನ್ನು ವಿದ್ಯಾರ್ಥಿ ಅದರಿಂದ ಆಯ್ದುಕೊಳ್ಳುತ್ತಾನೆ. ಹೀಗಾಗಿ ಗೀಚು, ಹೊಡೆದುಹಾಕಿದ ಸಾಲು, ಅರೆಬೆಂದ ಊಹೆ ಎಲ್ಲಕ್ಕೂ ಜರ್ನಲ್‌ನಲ್ಲಿ ಜಾಗ ಉಳಿಯುತ್ತದೆ. ಇಂಗ್ಲೆಂಡಿನ ಪದ್ಧತಿಗಿಂತ ಇದೇ ಹೆಚ್ಚು ವಿವೇಕದ ಏರ್ಪಾಡು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲೂ ಹೈಯರ್ ಸ್ಕೂಲ್ ಸರ್ಟಿಫಿಕೇಟ್ ಹಂತದ ನಾಟಕ ವಿದ್ಯಾರ್ಥಿಗಳು ಮೂರರಿಂದ ಆರು ಜನರ ಗುಂಪಿನಲ್ಲಿ 8ರಿಂದ 12 ನಿಮಿಷದ ಪ್ರದರ್ಶನವನ್ನು ತಾವೇ ಕಟ್ಟುವುದರ ಜೊತೆಗೆ ವೈಯಕ್ತಿಕ ಯೋಜನೆಗಾಗಿ ಲಾಗ್‌ಬುಕ್ ಇಡುವ ರೂಢಿಯಿದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇಲ್ಲ. 2014ರ ರಾಷ್ಟ್ರೀಯ ಕಲಾ ಮಾನದಂಡಗಳು ಸೃಷ್ಟಿ ಮತ್ತು ಪ್ರದರ್ಶನದ ಜೊತೆಗೆ ಪ್ರತಿಸ್ಪಂದನ ಮತ್ತು ಬದುಕಿನ ನಂಟನ್ನೂ ಕಲಿಕೆಯ ಅಂಗವೆಂದು ಹೇಳುತ್ತವೆ. ದಿನಚರಿ ಇಡಿಸುವುದು ಅಲ್ಲಿ ಬಹುತೇಕ ಶಿಕ್ಷಕರ ಇಷ್ಟಕ್ಕೆ ಬಿಟ್ಟದ್ದು.

ಬರಹದ ಹುರುಳು

ತರಗತಿಯೊಂದು ಏಕಲವ್ಯನ ಕಥೆಯ ಮೇಲೆ ನಾಟಕ ಕಟ್ಟುತ್ತಿದೆ ಎಂದುಕೊಳ್ಳೋಣ. ದ್ರೋಣನ ಪಾತ್ರದ ಹುಡುಗ ಬರೆಯುವ ಮೊದಲ ದಿನದ ಪುಟ ಸಾಮಾನ್ಯವಾಗಿ ಹೀಗಿರುತ್ತದೆ: "ಇವತ್ತು ಗುರುದಕ್ಷಿಣೆ ಸೀನ್ ಮಾಡಿದೆವು. ಮೊದಲು ಸರಿ ಬರಲಿಲ್ಲ, ಆಮೇಲೆ ಚೆನ್ನಾಗಿ ಬಂತು. ನಾನು ಇನ್ನೂ ಭಾವನೆ ತುಂಬಿ ಮಾತಾಡಬೇಕು." ಇದರಲ್ಲಿ ಸುಳ್ಳಿಲ್ಲ, ಉಪಯೋಗವೂ ಇಲ್ಲ. ಯಾವುದು ಸರಿ ಬರಲಿಲ್ಲ, ಯಾವುದರಿಂದ ಸರಿಹೋಯಿತು ಎಂಬುದು ನಾಳೆಗೆ ಅವನಿಗೇ ನೆನಪಿರುವುದಿಲ್ಲ.

ಅದೇ ಹುಡುಗ ಕೆಲವು ವಾರದ ಅಭ್ಯಾಸದ ನಂತರ ಹೀಗೆ ಬರೆಯಬಲ್ಲ: "ಹೆಬ್ಬೆರಳು ಕೇಳುವ ಮಾತನ್ನು ಏಕಲವ್ಯನ ಮುಖ ನೋಡಿ ಗಟ್ಟಿಯಾಗಿ ಹೇಳುತ್ತಿದ್ದೆ. ಕೂತು ನೋಡುತ್ತಿದ್ದವರು ನಕ್ಕರು, ಸಿನಿಮಾದ ವಿಲನ್ ತರಹ ಕೇಳಿಸಿತಂತೆ. ಇನ್ನೊಂದು ಸಲ ಅವನಿಗೆ ಬೆನ್ನು ಮಾಡಿ, ಅರ್ಜುನ ನಿಂತಿರುವ ಕಡೆ ನೋಡಿ ಮೆಲ್ಲಗೆ ಕೇಳಿದೆ. ಯಾರೂ ನಗಲಿಲ್ಲ. ದ್ರೋಣನಿಗೆ ಒಳಗೊಳಗೆ ನಾಚಿಕೆ ಆಗಿರಬೇಕು, ಅದಕ್ಕೇ ಮುಖ ನೋಡಲಾರ. ಆದರೆ ಬೆನ್ನು ಮಾಡಿದ್ದರಿಂದ ಕೊನೆಯ ಪದ ಹಿಂದೆ ಕೂತವರಿಗೆ ಕೇಳಲಿಲ್ಲ. ನಾಳೆ ಅಡ್ಡಡ್ಡ ನಿಂತು ನೋಡುತ್ತೇನೆ."

ಎರಡನೆಯದರಲ್ಲಿ ಭಾವನೆ ಎಂಬ ಪದವೇ ಇಲ್ಲ. ಒಂದು ಕ್ರಿಯೆ ಇದೆ, ನೋಡುಗರಿಂದ ಬಂದ ಪ್ರತಿಕ್ರಿಯೆ ಇದೆ, ಬದಲಿಸಿ ನೋಡಿದ ಧೈರ್ಯವಿದೆ. ದೇಹದ ಒಂದು ಸಣ್ಣ ಬದಲಾವಣೆಯಿಂದ ಪಾತ್ರದ ಮನಸ್ಸಿನ ಬಗ್ಗೆ ಹೊಸ ಊಹೆ ಹುಟ್ಟಿದೆ, ಆ ಊಹೆ ಹೊಸ ತೊಂದರೆಯನ್ನೂ ತಂದಿದೆ. ನೆವಿಲ್ ಹ್ಯಾಟನ್ ಮತ್ತು ಡೇವಿಡ್ ಸ್ಮಿತ್ 1995ರಲ್ಲಿ ಶಿಕ್ಷಕ ತರಬೇತಿಯ ಬರಹಗಳನ್ನು ನೋಡಿ ಗುರುತಿಸಿದ ಮೆಟ್ಟಿಲುಗಳಲ್ಲಿ ಬರಿಯ ವರದಿ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಕಾರಣ ಹುಡುಕುವ ಬರಹ, ತನ್ನೊಡನೆ ತಾನೇ ವಾದಿಸುವ ಬರಹ, ಕೊನೆಗೆ ಸಮಾಜದ ಹಿನ್ನೆಲೆಯಲ್ಲಿ ಪ್ರಶ್ನಿಸುವ ಬರಹ ಬರುತ್ತವೆ. ಹೆಬ್ಬೆರಳನ್ನು ಯಾರು ಯಾರಿಂದ ಕೇಳುತ್ತಾರೆ, ಬೇಡನ ಮಗನಿಗೆ ವಿದ್ಯೆ ಏಕೆ ನಿಷಿದ್ಧವಾಯಿತು, ನಮ್ಮ ತರಗತಿಯಲ್ಲಿ ಆ ಪಾತ್ರವನ್ನು ಯಾರಿಗೆ ಕೊಟ್ಟೆವು, ಏಕೆ ಕೊಟ್ಟೆವು ಎಂದು ಹುಡುಗ ಬರೆಯತೊಡಗಿದ ದಿನ ಅವನು ಕೊನೆಯ ಮೆಟ್ಟಿಲಿಗೆ ಬಂದಿದ್ದಾನೆ. ಇದೇ ಕಥೆಯ ಮೇಲೆ ಕುವೆಂಪು ಬರೆದ 'ಬೆರಳ್‌ಗೆ ಕೊರಳ್' ನಾಟಕ ಓದಿ, ಅಲ್ಲಿಯ ದ್ರೋಣನ ಪಕ್ಕದಲ್ಲಿ ತನ್ನ ದ್ರೋಣನನ್ನು ಇಟ್ಟು ನೋಡಿದರೆ ದಿನಚರಿ ಸಾಹಿತ್ಯದ ಓದಿಗೂ ಬಾಗಿಲಾಗುತ್ತದೆ.

ಮಾತು ಬಾಯಿಪಾಠವಾಗುವ ಬಗೆಯ ಮೇಲೂ ಈ ಬರಹ ಬೆಳಕು ಚೆಲ್ಲುತ್ತದೆ. ಹೆಲ್ಗಾ ನೊಯ್ಸ್ ಮತ್ತು ಟೋನಿ ನೊಯ್ಸ್ ವೃತ್ತಿ ನಟರ ನೆನಪಿನ ಶಕ್ತಿಯ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿ ಕಂಡುಕೊಂಡದ್ದು: ಒಳ್ಳೆಯ ನಟರು ಮಾತುಗಳನ್ನು ಮಗ್ಗಿಯಂತೆ ಉರುಹೊಡೆಯುವುದಿಲ್ಲ, ಪ್ರತಿ ಮಾತಿನ ಹಿಂದೆ ಪಾತ್ರಕ್ಕೆ ಏನು ಬೇಕಾಗಿದೆ ಎಂದು ಅಗೆಯುತ್ತಾರೆ, ಮಾತು ತಾನಾಗಿ ನೆನಪಿಗೆ ಅಂಟಿಕೊಳ್ಳುತ್ತದೆ. ದಿನಚರಿಯ ಎಡಪುಟದಲ್ಲಿ ಮಾತನ್ನೂ ಬಲಪುಟದಲ್ಲಿ ಅದನ್ನಾಡುವಾಗ ಪಾತ್ರ ಎದುರಿನವರಿಂದ ಏನು ಬಯಸುತ್ತದೆ ಎಂಬುದನ್ನೂ ಬರೆಸುವ ಶಿಕ್ಷಕರು ಮಾಡುತ್ತಿರುವುದು ಇದನ್ನೇ.

ಬೆಳಕು, ಉಡುಪು, ಪ್ರಸಾಧನ, ಪರಿಕರದ ಹೊಣೆ ಹೊತ್ತ ಮಕ್ಕಳು ದಿನಚರಿಯಲ್ಲಿ ಹಿಂದೆ ಬೀಳುವುದುಂಟು, ಏಕೆಂದರೆ ಪ್ರಶ್ನೆಗಳೆಲ್ಲ ನಟರಿಗಾಗಿಯೇ ಇರುತ್ತವೆ. ಗೋಣಿತಾಟಿನ ಉಡುಪು ಬೆಳಕಿನಲ್ಲಿ ಯಾವ ಬಣ್ಣವಾಗಿ ಕಂಡಿತು, ಬಿಲ್ಲು ಹಗುರವಾದದ್ದರಿಂದ ನಟನ ಭುಜ ಏಕೆ ಸುಳ್ಳಾಗಿ ಕಂಡಿತು ಎಂದು ಬರೆಯುವ ಮಗು ನಟನಷ್ಟೇ ಆಳವಾಗಿ ನಾಟಕ ಕಲಿಯುತ್ತಿದೆ.

ಬರೆಸುವ ಹೊತ್ತೂ ಮುಖ್ಯ. ಮನೆಗೆಲಸವಾಗಿ ಕೊಟ್ಟ ದಿನಚರಿಯನ್ನು ವಾರದ ಕೊನೆಗೆ ಒಂದೇ ಉಸಿರಿನಲ್ಲಿ ತುಂಬುತ್ತಾರೆ, ಬೇರೆ ಬೇರೆ ಬಣ್ಣದ ಪೆನ್ನು ಬಳಸಿ ಬೇರೆ ಬೇರೆ ದಿನ ಬರೆದಂತೆ ತೋರಿಸುವವರೂ ಇದ್ದಾರೆ. ತಾಲೀಮು ಮುಗಿದ ಕೂಡಲೇ, ಬೆವರು ಆರುವ ಮುನ್ನ, ನೆಲದ ಮೇಲೆ ಕೂತು ಐದು–ಹತ್ತು ನಿಮಿಷ ಬರೆಸುವುದೇ ಮೇಲು. ಆ ನಿಮಿಷಗಳನ್ನು ತಾಲೀಮಿನ ಅವಧಿಯಿಂದಲೇ ತೆಗೆಯಬೇಕು. ಪ್ರದರ್ಶನ ಹತ್ತಿರ ಬಂದಾಗ ಶಿಕ್ಷಕರು ಮೊದಲು ಕೈಬಿಡುವುದೂ ಆ ನಿಮಿಷಗಳನ್ನೇ, ಹೆಚ್ಚು ಸಂಗತಿಗಳು ಬದಲಾಗುವುದು ಆ ದಿನಗಳಲ್ಲೇ ಆದರೂ. ಶಿಕ್ಷಕರು ಓದಿದ ಮೇಲೆ ಬರೆಯುವ ಟಿಪ್ಪಣಿ ಪ್ರಶ್ನೆಯ ರೂಪದಲ್ಲಿದ್ದರೆ ಮುಂದಿನ ಪುಟ ಬೆಳೆಯುತ್ತದೆ. 'ಉತ್ತಮ' ಎಂಬ ಒಂದು ಪದ, ಕೆಂಪು ಶಾಯಿಯಲ್ಲಿ ತಿದ್ದಿದ ಕಾಗುಣಿತ ಅದನ್ನು ಅಲ್ಲಿಗೇ ನಿಲ್ಲಿಸುತ್ತವೆ.

ಗೋಪ್ಯತೆ

1964ರಲ್ಲಿ ಜಾನ್ ಗಿಲ್ಗುಡ್ ನಿರ್ದೇಶನದಲ್ಲಿ ರಿಚರ್ಡ್ ಬರ್ಟನ್ ಹ್ಯಾಮ್ಲೆಟ್ ಆಡಿದಾಗ, ಸಣ್ಣ ಪಾತ್ರದಲ್ಲಿದ್ದ ರಿಚರ್ಡ್ ಸ್ಟರ್ನ್ ಎಂಬ ಯುವನಟ ಕೈಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ತಾಲೀಮನ್ನು ಮುದ್ರಿಸಿಕೊಂಡ. 1967ರಲ್ಲಿ ಅದು ಪುಸ್ತಕವಾಗಿ ಬಂದು ರಂಗಾಸಕ್ತರಿಗೆ ಅಮೂಲ್ಯ ದಾಖಲೆಯಾಯಿತು. ಶಾಲೆಯಲ್ಲಿ ಇಂಥ ಗುಟ್ಟಿನ ಮುದ್ರಣಕ್ಕೆ ಜಾಗವಿಲ್ಲ. ತಾಲೀಮಿನ ಕೋಣೆಯಲ್ಲಿ ಮಗು ಅಳಬಹುದು, ಅಪಹಾಸ್ಯಕ್ಕೆ ಸಿಗಬಹುದು, ಮಾತು ತಪ್ಪಬಹುದು. ಅಲ್ಲಿ ಕಂಡದ್ದನ್ನು ಇನ್ನೊಬ್ಬರ ಹೆಸರು ಹಿಡಿದು ಬರೆಯುವಾಗ, ಅದು ಆ ವ್ಯಕ್ತಿಯ ಎದುರು ಓದಬಹುದಾದ ಬರಹವಾಗಿರಬೇಕು ಎಂಬ ನಿಯಮವನ್ನು ಮೊದಲ ದಿನವೇ ಹೇಳಬೇಕು. ಗೆಳೆಯ ತಾಲೀಮಿಗೆ ತಡವಾಗಿ ಬರುತ್ತಾನೆಂಬ ದೂರಿಗಿಂತ, ಅವನಿಲ್ಲದ ಹೊತ್ತಿನಲ್ಲಿ ದೃಶ್ಯವನ್ನು ಹೇಗೆ ಅಭ್ಯಾಸ ಮಾಡಿದೆವು ಎಂಬುದು ದಿನಚರಿಗೆ ಸಲ್ಲುವ ವಿಷಯ.

ಪಾತ್ರದ ನೋವಿಗೆ ತನ್ನ ಬದುಕಿನ ನೋವನ್ನು ಜೋಡಿಸಿ ಬರೆಯಿರಿ ಎಂದು ಹದಿಹರೆಯದವರನ್ನು ಒತ್ತಾಯಿಸುವ ಅಭ್ಯಾಸ ಕೆಲವು ಕಡೆ ಇದೆ. ಅದು ಅಪಾಯಕಾರಿ. ನಾಟಕ ಶಿಕ್ಷಕ ಮನೋವೈದ್ಯನಲ್ಲ, ಅಂಕಕ್ಕಾಗಿ ತನ್ನ ಗಾಯ ತೋರಿಸಬೇಕಾದ ಸ್ಥಿತಿ ಯಾವ ಮಗುವಿಗೂ ಬರಬಾರದು. ಹಾಗಿದ್ದೂ ಮಕ್ಕಳು ತಾವಾಗಿಯೇ ಇಂಥ ನೋವನ್ನು ಬರೆಯುತ್ತಾರೆ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದ ಯಾರೇ ಆಗಲಿ ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಆದ್ದರಿಂದ ದಿನಚರಿಯಲ್ಲಿರುವುದು ನಮ್ಮಿಬ್ಬರ ನಡುವೆಯೇ ಇರುತ್ತದೆ ಎಂದು ಶಿಕ್ಷಕರು ಮಾತು ಕೊಡುವಂತಿಲ್ಲ. ಯಾರು ಓದುತ್ತಾರೆ, ಯಾವ ವಿಷಯ ಬಂದರೆ ಬೇರೆಯವರಿಗೆ ಹೇಳಬೇಕಾಗುತ್ತದೆ ಎಂಬುದು ಮಕ್ಕಳಿಗೆ ಮುಂಚೆಯೇ ಗೊತ್ತಿರಬೇಕು. ಓದಬೇಡಿ ಎಂದು ಮಗು ಹಾಳೆ ಮಡಿಸಿ ಪಿನ್ ಹಾಕಿದರೆ ಆ ಹಾಳೆಯನ್ನು ಗೌರವಿಸುವ ಪದ್ಧತಿಯನ್ನು ಕೆಲವು ಶಿಕ್ಷಕರು ಪಾಲಿಸುತ್ತಾರೆ, ಅದು ಒಳ್ಳೆಯ ಪದ್ಧತಿ.

ಕರ್ನಾಟಕದಲ್ಲಿ

ಕನ್ನಡ ರಂಗಭೂಮಿಯಲ್ಲಿ ನೆನಪಿನ ಬರಹಕ್ಕೆ ಕೊರತೆಯಿಲ್ಲ. ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ', ಬಿ.ವಿ. ಕಾರಂತರು ವೈದೇಹಿಯವರಿಗೆ ನಿರೂಪಿಸಿದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ', ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' ಇವೆಲ್ಲ ಬಾಳಿನ ಸಂಜೆಯಲ್ಲಿ ಹಿಂದಿರುಗಿ ನೋಡಿದ ಕೃತಿಗಳು. ತಾಲೀಮಿನ ಆ ಸಂಜೆಯೇ ಬರೆದ ಪುಟಗಳು ಓದುಗರ ಕೈಗೆ ಬಂದದ್ದು ಕಡಿಮೆ. ನಮ್ಮಲ್ಲಿ ವಿಮರ್ಶೆ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಯಕ್ಷಗಾನದ ಚೌಕಿಯಲ್ಲಿ ಬಣ್ಣ ತೆಗೆಯುತ್ತಾ ಹಿರಿಯರು ಕಿರಿಯರಿಗೆ ಹೇಳುವ ಮಾತು, ಕಂಪನಿ ನಾಟಕದ ಮಾಲೀಕರ ಬೈಗುಳ, ತಾಳಮದ್ದಳೆ ಮುಗಿದ ಮೇಲಿನ ಹರಟೆ ಇವು ಪ್ರತಿಫಲನದ ನಿಜವಾದ ಶಾಲೆಗಳು. ದಿನಚರಿಯನ್ನು ಇಲ್ಲಿ ತರುವವರು ಆ ಮಾತಿನ ರೂಢಿಯನ್ನು ಒತ್ತರಿಸದೆ, ಅದರ ಬೆನ್ನಿಗೆ ಬರವಣಿಗೆಯನ್ನು ಇಡಬೇಕು: ಮೊದಲು ಸುತ್ತ ಕೂತು ಮಾತು, ಆಮೇಲೆ ಪುಟ.

ಹೆಗ್ಗೋಡಿನ ನೀನಾಸಂ 1949ರಲ್ಲಿ ಹುಟ್ಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದ ಮೇಲೆ ಕನ್ನಡದಲ್ಲೇ ನಾಟಕವನ್ನು ಶಿಸ್ತಾಗಿ ಕಲಿತವರು ಊರೂರಿಗೆ ಹೋದರು. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಕಲೆ, ಸಂಗೀತ, ನೃತ್ಯ ಮತ್ತು ರಂಗಭೂಮಿ ಕುರಿತ ನಿಲುವುಪತ್ರ ಇವನ್ನು ಶಾಲೆಯ ನಡುಮನೆಗೆ ತರಬೇಕೆಂದು ವಾದಿಸಿತು. ಆದರೂ ಹೆಚ್ಚಿನ ಶಾಲೆಗಳಲ್ಲಿ ನಾಟಕವೆಂದರೆ ವಾರ್ಷಿಕೋತ್ಸವಕ್ಕೆ ಅಥವಾ ಪ್ರತಿಭಾ ಕಾರಂಜಿಗೆ ಕೆಲವು ದಿನಗಳ ಅವಸರದ ತಯಾರಿ. ವೇಳಾಪಟ್ಟಿಯಲ್ಲಿ ಅದಕ್ಕೆ ಪೀರಿಯಡ್ ಇಲ್ಲ. ಅಲ್ಲಿ ಪ್ರತಿ ಮಗುವಿಗೂ ಒಂದು ಪುಸ್ತಕ, ಪ್ರತಿ ಪುಸ್ತಕಕ್ಕೂ ಶಿಕ್ಷಕರ ಓದು ಎಂಬುದು ಆಗದ ಮಾತು. ಇಡೀ ತಂಡಕ್ಕೆ ಒಂದೇ ನೋಟ್‌ಬುಕ್ ಇಟ್ಟು, ದಿನಕ್ಕೊಬ್ಬರಂತೆ ಸರದಿಯಲ್ಲಿ ಬರೆದು, ಮಾರನೆಯ ದಿನದ ತಾಲೀಮನ್ನು ಆ ಪುಟ ಓದುವುದರಿಂದಲೇ ಆರಂಭಿಸುವುದು ಸಾಧ್ಯವಿದೆ. ಹೀಗೆ ಬರೆದದ್ದು ಪರೀಕ್ಷಕನಿಗಾಗಿ ಬರೆದದ್ದಾಗದೆ ಜೊತೆಯವರಿಗಾಗಿ ಬರೆದದ್ದಾಗುತ್ತದೆ. ತಪ್ಪು ಬರೆದರೆ ಅಲ್ಲೇ ಯಾರಾದರೂ ಪ್ರಶ್ನಿಸುತ್ತಾರೆ.

ಬರೆಯುವ ನುಡಿ ಮಗುವಿನ ಮನೆಯ ನುಡಿಯಾಗಿರಲಿ ಎಂಬುದು ಇದಕ್ಕೆ ಸೇರಿದ ಮಾತು. ಕಲಬುರ್ಗಿಯ ಹುಡುಗಿ ತನ್ನ ಕನ್ನಡದಲ್ಲಿ, ಕುಂದಾಪುರದ ಹುಡುಗ ತನ್ನದರಲ್ಲಿ, ತುಳು, ಉರ್ದು, ಲಂಬಾಣಿ ಮನೆಮಾತಿನವರು ಆ ಮಾತುಗಳನ್ನು ಬೆರೆಸಿ ಬರೆದಾಗ, ಪಾತ್ರದ ಸಂಭಾಷಣೆಗೆ ಬೇಕಾದ ಎಷ್ಟೋ ಪದಗಳು ಆ ಪುಟಗಳಲ್ಲೇ ಸಿಗುತ್ತವೆ. ಸ್ವಂತ ನಾಟಕ ಕಟ್ಟುವ ತಂಡಗಳು ದಿನಚರಿಯಲ್ಲಿ ಬಂದ ಒಂದು ಸಾಲನ್ನು ಎತ್ತಿ ಹಾಗೆಯೇ ರಂಗದ ಮಾತಾಗಿ ಬಳಸಿಕೊಳ್ಳಬಹುದು, ಬರೆದ ಮಗುವಿನ ಒಪ್ಪಿಗೆ ಪಡೆದು.